ಮಿರ್ನಾಳ ಎರಡು ಕೈ

ಜಹ್ಲೆ, ನವೆಂಬರ್ 9, 1997

ವದೀಹ್,

ಮೊನ್ನೆ ಫೋನಿನಲ್ಲಿ ನೀನೂ ಕೂಗಿದೆ, ನಾನೂ ಕೂಗಿದೆ. ಕೊನೆಗೆ ಯಾರೋ ಸತ್ತಿದ್ದಾರೆಂದು ಪಕ್ಕದ ಮನೆಯವಳು ಓಡಿಬಂದಳು. ಅದಕ್ಕೇ ಈ ಕಾಗದ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವ ತನಕ ನೀನು ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ. ಟ್ಯಾಕ್ಸಿ ತನ್ನೂಸ್ ವಾರಕ್ಕೆರಡು ಸಲ ಘಾಟಿ ಇಳಿದು ಬೈರೂತಿಗೆ ಬರುತ್ತಾನೆ, ಅವನ ಕೈಯಲ್ಲೇ ಕಳಿಸುತ್ತೇನೆ. ಜೊತೆಗೆ ಎಣ್ಣೆಯಲ್ಲಿ ಹಾಕಿದ ಬದನೆಕಾಯಿಯ ಜಾಡಿಯೂ ಇದೆ. ಸಿಟ್ಟು ಬೇರೆ, ಬದನೆಕಾಯಿ ಬೇರೆ.

ನನ್ನ ಮೊಮ್ಮಗಳು ಮಿರ್ನಾ ನಿನ್ನ ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ಸೇರಿ ಐದು ವಾರವಾಯಿತು. ಹದಿನೈದು ವರ್ಷದ ಹುಡುಗಿಯನ್ನು ಬೈರೂತಿನ ಸೋದರತ್ತೆ ಮನೆಯಲ್ಲಿ ಬಿಡಲು ಅವಳ ಅಪ್ಪ ಅಮ್ಮ ಒಪ್ಪಿದ್ದು ನಿನ್ನ ಮುಖ ನೋಡಿ. ನಾನು ಶಾಲೆಯಲ್ಲಿ ಆಟ ಕಲಿಸಿದ ಹುಡುಗ, ನಮ್ಮ ಊರಿನವನು ಎಂದು. ಆಗಸ್ಟಿನಲ್ಲಿ ನಮ್ಮ ಓಣಿಗೆ ಬಂದು ಕಾಫಿ ಕುಡಿಯುತ್ತಾ ಅವಳ ಆಟ ನೋಡಿದವನು ನೀನೇ. ಸಾಲಾಗಿ ಮೂವತ್ತೇಳು ಸಲ ಚೆಂಡು ರಿಂಗಿನೊಳಗೆ ಬಿತ್ತು. ನಿನ್ನ ಬಟ್ಟಲಿನ ಕಾಫಿ ಆರಿಹೋಗಿತ್ತು. "ಮೇಷ್ಟ್ರೇ, ಈ ಹುಡುಗೀನ ನನಗೆ ಕೊಡಿ" ಎಂದವನೂ ನೀನೇ.

ಈಗ ಅವಳು ಫೋನಿನಲ್ಲಿ ಏನು ಹೇಳುತ್ತಾಳೆ ಗೊತ್ತೇ? "ತಾತ, ನನ್ ಕೈ ಸರಿ ಇಲ್ವಂತೆ. ಎರಡು ಕೈ ಇದ್ರೂ ಒಂದೇ ಇದೆ ಅಂದ್ಕೊಂಡು ಆಡ್ಬೇಕಂತೆ."

ಅವಳು ಎಡ ಸೊಂಟದ ಹತ್ತಿರದಿಂದ ಎರಡೂ ಕೈಯಲ್ಲಿ ಚೆಂಡು ಎತ್ತಿ ಹಾಕುತ್ತಾಳೆ. ಹೌದು, ಪುಸ್ತಕದಲ್ಲಿ ಹಾಗಿಲ್ಲ. ಆದರೆ ಬೀಳುತ್ತದೆ. ಬೀಳುವ ಕೈಯನ್ನು ಮುಟ್ಟಬೇಡ. ಇದು ಕೋರಿಕೆಯಲ್ಲ.

ಇಸ್ಕಂದರ್ ಬ್ರೈದಿ


ಬೈರೂತ್, ನವೆಂಬರ್ 16, 1997

ಪ್ರೀತಿಯ ಮೇಷ್ಟ್ರೇ,

ಬದನೆಕಾಯಿ ಎರಡೇ ದಿನಕ್ಕೆ ಖಾಲಿಯಾಯಿತು. ನಿಮ್ಮ ಬೈಗುಳ ಇನ್ನೂ ಅರಗಿಲ್ಲ.

ನೀವು ಸಿಟ್ಟಾಗುವುದಕ್ಕೆ ಮುಂಚೆ ಒಂದು ಲೆಕ್ಕ ಕೇಳಿ. ಇಲ್ಲಿ ಮಿರ್ನಾ ಹತ್ತು ಸಲ ಹಾಕಿದರೆ ಎರಡು ಬೀಳುತ್ತದೆ. ಒಮ್ಮೊಮ್ಮೆ ಒಂದು. ಚೆಂಡು ರಿಂಗಿನ ಮೇಲಿಂದ ಹಾರಿ ಬೋರ್ಡಿಗೆ ಬಡಿದು ವಾಪಸು ಬರುತ್ತದೆ. ಓಣಿಯಲ್ಲಿ ನಾನು ಕಂಡ ಹುಡುಗಿ ಇವಳೇನಾ ಎಂದು ಮೊದಲ ವಾರ ನಾನೇ ಕಣ್ಣುಜ್ಜಿಕೊಂಡೆ. ಓಣಿಯಲ್ಲಿ ಅವಳ ಮೇಲೆ ಯಾರೂ ಬೀಳುವುದಿಲ್ಲ. ನಿಮ್ಮ ಬೀದಿಯ ಹುಡುಗರು ಅವಳಿಗೆ ದಾರಿ ಬಿಡುತ್ತಾರೆ. ಇಲ್ಲಿ ಎದುರಿಗೆ ಆರಡಿ ಹುಡುಗಿ ನಿಂತಿರುತ್ತಾಳೆ. ಸೊಂಟದ ಮಟ್ಟದಲ್ಲಿ ಚೆಂಡು ಹಿಡಿದರೆ ಮಗುವಿನ ಕೈಯಿಂದ ಬಿಸ್ಕತ್ತು ಕಿತ್ತುಕೊಂಡಂತೆ ಕಿತ್ತುಕೊಳ್ಳುತ್ತಾಳೆ.

ಅವಳು ಹಾಕುವುದು ಹೇಗಿದೆ ಗೊತ್ತೇ? ಅಂಗಳಕ್ಕೆ ಬಕೆಟ್ ನೀರು ಎರಚಿದ ಹಾಗೆ. ತಂಡದ ಹುಡುಗಿಯರು ನಗುತ್ತಾರೆ. ನಾನು ಅವರನ್ನು ಗದರಿಸುತ್ತೇನೆ. ಆದರೆ ಅವರು ನಗುವುದು ಸುಳ್ಳಲ್ಲವಲ್ಲ.

ಫೆಬ್ರವರಿಯಲ್ಲಿ ದೇಶದ ಕಿರಿಯ ಹುಡುಗಿಯರ ತಂಡಕ್ಕೆ ಹನ್ನೆರಡು ಹೆಸರು ತೆಗೆಯುತ್ತಾರೆ. ಹದಿನಾರು ತುಂಬಿದವರನ್ನು ಮತ್ತೆ ಕರೆಯುವುದಿಲ್ಲ. ಮಿರ್ನಾಳಿಗಿರುವುದು ಇದೊಂದೇ ಅವಕಾಶ. ಅವಳ ಓಟ, ಅವಳ ಕಣ್ಣು, ಅವಳ ಹಟ ಎಲ್ಲ ನನ್ನ ಬೇರೆ ಹುಡುಗಿಯರನ್ನೆಲ್ಲ ನುಂಗಿ ನೀರು ಕುಡಿಯುವಂಥವು. ಕೈ ಒಂದು ಸರಿಯಾಗಬೇಕು, ಮೂರು ತಿಂಗಳು ಸಾಕು. ಕೈ ಸರಿ ಮಾಡುವುದನ್ನು ನನಗೆ ಕಲಿಸಿದವರೇ ನೀವು.

ನಿಮ್ಮ ವದೀಹ್


ಜಹ್ಲೆ, ನವೆಂಬರ್ 23, 1997

ವದೀಹ್,

ಹತ್ತಕ್ಕೆ ಎರಡಂತೆ! ಈ ಓಣಿಯಲ್ಲಿ ಅವಳು ಜ್ವರ ಬಂದಾಗಲೂ ಹತ್ತಕ್ಕೆ ಎಂಟರ ಕೆಳಗೆ ಇಳಿದವಳಲ್ಲ. ಏನು ಮಾಡಿದೆ ನೀನು ಅವಳಿಗೆ?

ಬೀದಿಯ ಹುಡುಗರು ದಾರಿ ಬಿಡುತ್ತಾರಂತೆ. ಇಲ್ಲಿ ಬಂದು ನೋಡು. ಊರಿನ ಕೋರ್ಟಿನಲ್ಲಿ ಹುಡುಗರಿಗೆ ಮಾತ್ರ ಜಾಗ, ಹುಡುಗಿಯರಿಗೆ ಒಂದು ಗಂಟೆಯನ್ನೂ ಕೊಟ್ಟವರಿಲ್ಲ. ಚರ್ಚಿನ ಹಿಂಗೋಡೆಗೆ ನಾನು ಹೊಡೆದ ಆ ಒಂದು ರಿಂಗಿನ ಕೆಳಗೆ ಆರನೇ ವಯಸ್ಸಿನಿಂದ ಆಡಿ ಮಂಡಿ ಒಡೆದುಕೊಂಡವಳು ಅವಳು. ಇಲ್ಲಿಯ ಹುಡುಗರು ದಾರಿ ಬಿಟ್ಟಿದ್ದು ಅವಳಿಂದ ಪೆಟ್ಟು ತಿಂದ ಮೇಲೆ.

ಸೊಂಟದಿಂದ ಎತ್ತಿದರೂ ಅವಳ ಚೆಂಡು ನಿನ್ನ ಆರಡಿ ಹುಡುಗಿಯ ತಲೆಯ ಮೇಲೆ ಹೋಗಿ ಇಳಿಯುತ್ತದೆ. ಎದುರಿನವಳು ಕೈ ಎತ್ತುವ ಹೊತ್ತಿಗೆ ಅದು ಕೈಬಿಟ್ಟು ಹೋಗಿರುತ್ತದೆ. ಕೀಳಬೇಕೆಂದರೆ ಮೊದಲು ಅದು ಯಾವಾಗ ಹೋಯಿತೆಂದು ಗೊತ್ತಾಗಬೇಕು.

ಹೊಸ ಜಾಗ, ಹೊಸ ನೆಲ. ಒಂದು ತಿಂಗಳು ಅವಳ ಪಾಡಿಗೆ ಅವಳನ್ನು ಬಿಡು, ತಾನಾಗಿ ಕೂಡಿಕೊಳ್ಳುತ್ತದೆ. ಯಾಕೆ ಎಂದು ಕೇಳಬೇಡ. ನಲವತ್ತು ವರ್ಷ ಆಟ ಕಲಿಸಿದವನ ಮಾತು ಎಂದು ನಂಬು.

ಜಾಡಿ ತೊಳೆದು ಕಳಿಸಿದ್ದೀಯ, ಸಂತೋಷ. ಮತ್ತೆ ತುಂಬಿದ್ದೇನೆ.

ಇಸ್ಕಂದರ್


ಬೈರೂತ್, ಡಿಸೆಂಬರ್ 7, 1997

ಮೇಷ್ಟ್ರೇ,

"ಯಾಕೆ ಎಂದು ಕೇಳಬೇಡ" ಎಂದರೆ ಏನರ್ಥ? ನಿಮ್ಮ ತರಗತಿಯಲ್ಲಿ ನಾವು ಹಾಗೆ ಉತ್ತರ ಕೊಟ್ಟಿದ್ದರೆ ಕಿವಿ ಹಿಂಡುತ್ತಿದ್ದಿರಿ.

ನಾನು ಕಾಯಲಿಲ್ಲ. ಡಿಸೆಂಬರ್ ಒಂದರಿಂದ ಮಿರ್ನಾ ದಿನಕ್ಕೆ ಮುನ್ನೂರು ಸಲ ಬಲಗೈ ಒಂದರಲ್ಲೇ ಹಾಕುತ್ತಿದ್ದಾಳೆ. ಎಡಗೈ ತಾನಾಗಿ ಮೇಲೇಳುತ್ತಿತ್ತು. ಎಷ್ಟು ಹೇಳಿದರೂ ಏಳುತ್ತಿತ್ತು. ಆಗ ನಿಮ್ಮ ಮದ್ದು ನೆನಪಾಯಿತು. ಆ ನೀಲಿ ಸ್ಕಾರ್ಫ್ ನೆನಪಿದೆಯೇ, ಬಿಳಿ ಚುಕ್ಕೆಯದು? 1971ರಲ್ಲಿ ನನಗೆ ಹದಿನಾಲ್ಕು. ಒಂಬತ್ತು ತಿಂಗಳು ಪ್ರತಿ ಮಧ್ಯಾಹ್ನ ನನ್ನ ಎಡಗೈಯನ್ನು ಬೆನ್ನ ಹಿಂದೆ ಅದರಿಂದ ಕಟ್ಟಿ ಆಡಿಸಿದಿರಿ. ನಾನೂ ಮಿರ್ನಾಳ ಹಾಗೇ ಎರಡು ಕೈಯಲ್ಲಿ ಹಾಕುತ್ತಿದ್ದೆನಲ್ಲ. ಊರು ಬಿಡುವ ದಿನ ಅದನ್ನು ನಿಮಗೆ ಹೇಳದೆ ಚೀಲಕ್ಕೆ ತುರುಕಿಕೊಂಡೆ. ಈ ಇಪ್ಪತ್ತು ವರ್ಷದಲ್ಲಿ ಎಷ್ಟು ಮನೆ ಬದಲಿಸಿದೆನೋ, ಯುದ್ಧದಲ್ಲಿ ಎಷ್ಟು ಸಲ ಬರಿಗೈಯಲ್ಲಿ ಓಡಿದೆನೋ, ಅದು ಮಾತ್ರ ಜೊತೆಗೇ ಬಂತು. ಈಗ ಅದೇ ಸ್ಕಾರ್ಫಿನಿಂದ ಮಿರ್ನಾಳ ಕೈ ಕಟ್ಟುತ್ತಿದ್ದೇನೆ.

ಅವಳು ಕೈ ಹಿಂದಕ್ಕೆ ಚಾಚಿ ನಿಂತಳು. ಅವಳಿಗೆ ಅರ್ಥವಾಗಿದೆ, ನಿಮಗೇ ಯಾಕೋ ಆಗುತ್ತಿಲ್ಲ. ಇವತ್ತು ನಾನು ಕೋಚ್ ಆಗಿ ನಿಂತಿರುವುದು ಆ ಗಂಟಿನಿಂದ. ನಿಮ್ಮ ಮೊಮ್ಮಗಳಿಗೆ ನಿಮ್ಮದೇ ವಿದ್ಯೆ ತಲುಪುತ್ತಿದೆ ಎಂದು ನೀವು ಖುಷಿಪಡುತ್ತೀರೆಂದು ತಿಳಿದಿದ್ದೆ.

ವದೀಹ್


ಜಹ್ಲೆ, ಡಿಸೆಂಬರ್ 14, 1997

ವದೀಹ್,

ನಿನ್ನ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಇದರಲ್ಲೂ ಬೈಗುಳವೇ ಇದೆ.

ಆ ಸ್ಕಾರ್ಫ್ ನನ್ನ ಹೆಂಡತಿ ಅದೆಲಳದು. ಅವಳ ಅಕ್ಕ ಮದುವೆಗೆ ಕೊಟ್ಟಿದ್ದು. ಗೂಟದಿಂದ ನಾನೇ ಎತ್ತಿಕೊಂಡು ಶಾಲೆಗೆ ತಂದೆ. ಮನೆಯೆಲ್ಲ ಜಾಲಾಡಿ, "ನೀನೇನಾದ್ರೂ ನೋಡಿದ್ಯಾ?" ಎಂದು ಅವಳು ಕೇಳಿದಾಗ ಇಲ್ಲ ಎಂದೆ. ಒಂಬತ್ತು ತಿಂಗಳು ಇಲ್ಲ ಎನ್ನುತ್ತಲೇ ಇದ್ದೆ. ಎದುರು ಮನೆಯ ಹುಡುಗಿ ಕದ್ದಳೆಂದು ಆ ಮನೆಯವರ ಜೊತೆ ಅವಳು ಮಾತು ಬಿಟ್ಟಳು, ಸಾಯುವ ತನಕ ಬಿಟ್ಟಳು. ಈಗ ಅವಳ ಮೊಮ್ಮಗಳ ಕೈಯನ್ನು ಅದರಿಂದಲೇ ಕಟ್ಟಿದ್ದೀಯ. ನಿನಗೆ ನಾಚಿಕೆಯಾಗಲಿ ಎಂದು ಬರೆಯಬೇಕೆಂದಿದ್ದೆ. ಆದರೆ ನಾಚಿಕೆಯಾಗಬೇಕಾದವನು ನಾನು. ಅದು ನನಗೆ ಇನ್ನೂ ಸಿಟ್ಟು ತರಿಸುತ್ತದೆ.

ಈಗ ಕೇಳು. 1971ರ ಬೇಸಿಗೆಯಲ್ಲಿ ನನ್ನನ್ನು ಬೈರೂತಿಗೆ ಹನ್ನೆರಡು ದಿನದ ತರಬೇತಿಗೆ ಕಳಿಸಿದ್ದರು. ಯಾವನೋ ವಿದೇಶಿ ಕೋಚ್ ಬಂದು ಚಿತ್ರಗಳಿದ್ದ ಪುಸ್ತಕ ಕೊಟ್ಟ. ಚಿತ್ರದಲ್ಲಿ ಎಡಗೈ ಸುಮ್ಮನೆ ಪಕ್ಕದಲ್ಲಿತ್ತು. ಊರಿಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಎದುರಿಗೆ ನೀನು ಸಿಕ್ಕಿದೆ, ಎರಡು ಕೈಯಲ್ಲಿ ಎತ್ತಿ ಹಾಕುವವನು, ನಮ್ಮ ಬೇಕಾ ಕಣಿವೆಯ ಶಾಲೆಗಳಲ್ಲೆಲ್ಲ ಹೆಚ್ಚು ಅಂಕ ತಂದವನು. ನಿನ್ನನ್ನು ಚಿತ್ರದ ಹಾಗೆ ಮಾಡಿದೆ.

ಚಿತ್ರದ ಹಾಗೇ ಆದೆ ನೀನು. ನೋಡಲು ಚೆಂದ. ಬೀಳುವುದು ಕಡಿಮೆಯಾಯಿತು. ಬೈರೂತಿನ ಕ್ಲಬ್ಬಿನವರು ಚೆಂದ ನೋಡಿ ನಿನ್ನನ್ನು ತೆಗೆದುಕೊಂಡರು, ಬೀಳದ್ದು ನೋಡಿ ಆರು ವರ್ಷ ಆಡಿಸದೆ ಬೆಂಚಿನ ಮೇಲೆ ಕೂರಿಸಿದರು. ಅದು ನನಗೆ ಮೊದಲ ವರ್ಷವೇ ಗೊತ್ತಿತ್ತು. ನಿನ್ನನ್ನು ನಾನು ಮಾಡಲಿಲ್ಲ ವದೀಹ್, ಕೆಡಿಸಿದೆ.

ಗಂಟು ಬಿಚ್ಚು. ಈ ಕಾಗದ ಓದಿದ ತಕ್ಷಣ ಬಿಚ್ಚು.

ಇಸ್ಕಂದರ್


ಬೈರೂತ್, ಡಿಸೆಂಬರ್ 20, 1997

ಶ್ರೀ ಇಸ್ಕಂದರ್ ಬ್ರೈದಿಯವರಿಗೆ,

ಈ ಸಲದ ನಿಮ್ಮ ಜಾಡಿಯನ್ನು ಮುಚ್ಚಳ ತೆಗೆಯದೆ ತನ್ನೂಸನ ಕೈಯಲ್ಲಿ ಹಿಂದಕ್ಕೆ ಕಳಿಸಿದ್ದೇನೆ. "ಜಾಡಿ ತುಂಬಿದ್ದೇ ವಾಪಸ್ ಬಂದ್ರೆ ಅಬು ಇಲ್ಯಾಸ್ ನನ್ ತಲೆ ಒಡೀತಾರೆ ಕೋಚೇ!" ಎಂದು, ಊರಿನವರೆಲ್ಲ ಕರೆಯುವ ಹಾಗೆ ನಿಮ್ಮನ್ನು ಇಲ್ಯಾಸನ ಅಪ್ಪ ಎಂದೇ ಕರೆದು, ಅವನು ಗೋಗರೆದ. ಒಡೆಯಲಿ ಎಂದೆ.

ಇಪ್ಪತ್ತಾರು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಿರಿ. ಪ್ರತಿ ಬೇಸಿಗೆ ನಿಮ್ಮ ಮನೆಗೆ ಬಂದು ಕಾಲ ಬಳಿ ಕೂತು ಕಾಫಿ ಕುಡಿದಿದ್ದೇನೆ. ಪ್ರತಿ ಸಲ ಓಣಿಯವರನ್ನು ಕರೆದು, "ನೋಡ್ರೋ, ನಾನ್ ಮಾಡಿದ್ ಹುಡುಗ" ಎಂದು ತೋರಿಸಿದಿರಿ. ನಾನು ನಂಬಿದೆ. ಬೆಂಚಿನ ಮೇಲೆ ಕೂತ ಆರು ವರ್ಷವೂ ನಂಬಿದ್ದೆ. ತಪ್ಪು ನನ್ನದು, ಮೇಷ್ಟ್ರು ಕೊಟ್ಟ ಕೈ ಸರಿಯಾಗಿದೆ, ನನ್ನ ಎದೆಯೇ ಗಟ್ಟಿಯಿಲ್ಲ ಎಂದುಕೊಂಡಿದ್ದೆ. ನೀವು ಒಂದು ಸಲ, ಒಂದೇ ಒಂದು ಸಲ, ನಿಜ ಹೇಳಿದ್ದರೆ ಇಪ್ಪತ್ತೊಂದನೇ ವಯಸ್ಸಿನಲ್ಲಿ ನನ್ನ ಹಳೆಯ ಕೈಗೆ ಹೋಗಿಬಿಡುತ್ತಿದ್ದೆ. ಈಗ ನನಗೆ ನಲವತ್ತು.

ಈಗ ಹೇಳುತ್ತಿರುವುದಾದರೂ ಯಾಕೆ? ನಿಮ್ಮ ಮೊಮ್ಮಗಳಿಗೆ ಅನ್ವಯಿಸುತ್ತದೆ ಎಂದು. ನನಗೆ ಅನ್ವಯಿಸಿದಾಗ ಬಾಯಿ ಬಿಡಲಿಲ್ಲ.

ನಾನು ಕಲಿತ ವಿದ್ಯೆ ತಪ್ಪಲ್ಲ. ತಪ್ಪಾಗಿದ್ದರೆ ಹದಿನೈದು ವರ್ಷದಿಂದ ನಾನು ಕಲಿಸಿದ ಹುಡುಗಿಯರೆಲ್ಲ ತಪ್ಪು. ಅದನ್ನು ನಾನು ಒಪ್ಪುವುದಿಲ್ಲ. ಗಂಟು ಬಿಚ್ಚುವುದಿಲ್ಲ. ಫೆಬ್ರವರಿಯ ಪಟ್ಟಿಯಲ್ಲಿ ಅವಳ ಹೆಸರು ನೋಡಿದ ಮೇಲೆ ಬರೆಯಿರಿ.

ವದೀಹ್ ಶಮ್ಮಾಸ್


ಜಹ್ಲೆ, ಜನವರಿ 18, 1998

ವದೀಹ್,

ಹಿಮ ಬಿದ್ದು ಘಾಟಿ ಮುಚ್ಚಿದೆ. ಇದು ಯಾವಾಗ ನಿನ್ನ ಕೈ ಸೇರುತ್ತದೋ ಗೊತ್ತಿಲ್ಲ. ಓಣಿಯ ಫೋನೂ ಸತ್ತಿದೆ.

ಕ್ರಿಸ್ಮಸ್ಸಿಗೆ ಮಿರ್ನಾ ಬಂದಿದ್ದಳು. ಮೂರು ದಿನ ಇದ್ದಳು, ಚೆಂಡು ಮುಟ್ಟಲಿಲ್ಲ. ಮುಂಚೆಯಾದರೆ ಕೋಟು ಬಿಚ್ಚುವ ಮೊದಲೇ ಓಣಿಗೆ ಓಡುತ್ತಿದ್ದವಳು. "ಯಾಕಮ್ಮಾ?" ಎಂದರೆ, "ಚಳಿ, ತಾತ" ಎಂದಳು. ಊಟಕ್ಕೆ ಕೂತಾಗ ಎಡಗೈ ಮಡಿಲಲ್ಲೇ ಇತ್ತು. ರೊಟ್ಟಿಯನ್ನೂ ಬಲಗೈ ಒಂದರಲ್ಲೇ ಹರಿದಳು. ಅವಳ ಅಮ್ಮ ನೋಡಿ ನಕ್ಕಳು. ನಾನು ತಟ್ಟೆ ಸರಿಸಿ ಎದ್ದೆ.

ಅವಳು ಹೊರಟ ಮೇಲೆ ಏಣಿ ಇಟ್ಟು ರಿಂಗನ್ನು ಅಳೆದೆ. ಅಳೆಯಬೇಕಾಗಿರಲಿಲ್ಲ, ನನಗೆ ಗೊತ್ತೇ ಇತ್ತು. ಆದರೂ ಅಳೆದೆ.

ನಮ್ಮ ಓಣಿಯ ರಿಂಗ್ ಇರಬೇಕಾದ್ದಕ್ಕಿಂತ ಒಂದು ಗೇಣು ಎತ್ತರದಲ್ಲಿದೆ.

ನೀನು ಊರು ಬಿಟ್ಟ ಹತ್ತು ವರ್ಷದ ಮೇಲೆ ಆದದ್ದು. ಜೂನಿನ ಗುರುವಾರದ ಚರ್ಚಿನ ಮೆರವಣಿಗೆ ನಮ್ಮ ಓಣಿಯಿಂದಲೇ ಹೋಗುತ್ತದಲ್ಲ. 1986ರಲ್ಲಿ ಬಿಷಪ್ ತಲೆಯ ಮೇಲೆ ಕೋಲುಗಳಿಂದ ಹೊರುವ ಬಟ್ಟೆಯ ಮೇಲಾವರಣ ನನ್ನ ರಿಂಗಿಗೆ ಸಿಕ್ಕಿಕೊಂಡು ಅದರ ಜರಿಯಂಚು ಹರಿಯಿತು. ಯುದ್ಧದ ಕಾಲ, ಹೆಂಗಸರೆಲ್ಲ ಅಪಶಕುನ ಎಂದು ಬಾಯಿ ಬಡಿದುಕೊಂಡರು. ಪಾದ್ರಿ ಬಂದು, "ಅಬು ಇಲ್ಯಾಸ್, ಅದನ್ನ ಕಿತ್ತಾಕಿ" ಎಂದರು. ಕೀಳುವುದಿಲ್ಲ, ಬೇಕಾದರೆ ಒಂದು ಗೇಣು ಏರಿಸುತ್ತೇನೆ ಎಂದು ಹಟ ಹಿಡಿದೆ. ಏರಿಸಿದೆ. ಮೆರವಣಿಗೆ ಮುಗಿದ ಮೇಲೆ ಇಳಿಸೋಣ ಎಂದುಕೊಂಡೆ, ಮುಂದಿನ ವರ್ಷ ಮತ್ತೆ ಏರಿಸುವುದು ಯಾಕೆ ಎಂದು ಬಿಟ್ಟೆ. ಹಾಗೇ ಹನ್ನೆರಡು ವರ್ಷ ಉಳಿಯಿತು.

ಮಿರ್ನಾ ಕಲಿತದ್ದು ಅದರ ಕೆಳಗೆ. ಆರು ವರ್ಷದ ಮಗುವಿಗೆ ಅಷ್ಟು ಎತ್ತರಕ್ಕೆ ಒಂದು ಕೈಯಲ್ಲಿ ಹೇಗೆ ಎಟಕುತ್ತದೆ? ಸೊಂಟದಿಂದ, ಎರಡು ಕೈಯಿಂದ, ಇಡೀ ಮೈಯಿಂದ ಎತ್ತಿದಳು. ನಿನ್ನ ಕೋರ್ಟಿನಲ್ಲಿ ಚೆಂಡು ಮೇಲಿಂದ ಹಾರುತ್ತಿದ್ದುದು ಅದಕ್ಕೇ. ಅವಳ ಕೈಯಲ್ಲಿ ಏನೂ ಕೆಟ್ಟಿರಲಿಲ್ಲ. "ಮಗೂ, ಇಲ್ಲಿ ರಿಂಗ್ ಒಂದು ಗೇಣು ಕೆಳಗಿದೆ" ಎಂಬ ಒಂದು ಮಾತು ಸಾಕಿತ್ತು.

ಆ ಮಾತನ್ನು ನವೆಂಬರಿನಲ್ಲೇ ಬರೆಯಬಹುದಿತ್ತು. ಬರೆಯಲಿಲ್ಲ. ಮೂರು ಮೀಟರ್ ಐದು ಸೆಂಟಿಮೀಟರ್ ಎಂದು ಊರಿನ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿದವನ ರಿಂಗೇ ತಪ್ಪು ಎಂದು ನಿನ್ನ ಮುಂದೆ ಹೇಳುವುದಕ್ಕೆ ನನಗೆ ಆಗಲಿಲ್ಲ. ತಾನಾಗಿ ಸರಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ನಿನ್ನ ಮೇಲೂ ನನಗೆ ಸಿಟ್ಟಿದೆ. ಆಗಸ್ಟಿನಲ್ಲಿ ಅರ್ಧ ಗಂಟೆ ಅದರ ಕೆಳಗೇ ಕೂತಿದ್ದೆಯಲ್ಲ. ಹದಿನೈದು ವರ್ಷದಿಂದ ಕೋಚ್ ಆಗಿರುವವನು, ಅವಳ ಕೈಯನ್ನೇ ನೋಡಿದೆ. ತಲೆ ಎತ್ತಿ ರಿಂಗ್ ನೋಡಲಿಲ್ಲ.

ಈಗಲಾದರೂ ಬಿಚ್ಚು. ಇನ್ನೂ ಎರಡು ವಾರ ಇದೆ.

ಇಸ್ಕಂದರ್


ಬೈರೂತ್, ಫೆಬ್ರವರಿ 1, 1998

ಮೇಷ್ಟ್ರೇ,

ನಿಮ್ಮಿಂದ ಕಾಗದವಿಲ್ಲ. ಬರೆಯಬೇಡಿ ಎಂದವನು ನಾನೇ. ಫೋನ್ ಮಾಡಿದರೆ ಲೈನ್ ಸತ್ತಿದೆ. ಘಾಟಿ ತೆರೆದ ದಿನ ತನ್ನೂಸ್ ಇದನ್ನು ತರುತ್ತಾನೆ.

ಪಟ್ಟಿ ಬಂತು. ಮಿರ್ನಾಳ ಹೆಸರಿಲ್ಲ.

ಕೊನೆಯ ಆಯ್ಕೆಗೆ ಮೂವರು ತೀರ್ಪುಗಾರರು ಕೂತಿದ್ದರು, ಒಬ್ಬೊಬ್ಬರಿಗೆ ಹತ್ತು ಎಸೆತ. ಒಂದು ಕೈಯಲ್ಲಿ ಐದು ಹಾಕಿದಳು, ಒಂದು ಬಿತ್ತು. ನೋಡಲು ನಿಜವಾಗಿಯೂ ಚೆಂದವಾಗಿತ್ತು ಮೇಷ್ಟ್ರೇ, ಅವರೂ ಹಾಗೇ ಹೇಳಿದರು. ನಾನು ತಡೆಯಲಾರದೆ ಪಕ್ಕದಿಂದ ಕೂಗಿದೆ: "ಮಿರ್ನಾ! ಹಳೇ ಥರಾನೇ ಹಾಕು! ನಿಂಗೆ ಹೇಗ್ ಬರುತ್ತೋ ಹಾಗ್ ಹಾಕು!" ಅವಳು ನನ್ನ ಕಡೆ ತಿರುಗಿ ನೋಡಿದಳು. ಎರಡು ಕೈಯಲ್ಲಿ ಎತ್ತಿದಳು. ನಾಲ್ಕು ಸಲ ಎತ್ತಿದಳು, ಒಂದೂ ರಿಂಗನ್ನು ಮುಟ್ಟಲಿಲ್ಲ. ಹತ್ತನೆಯದನ್ನು ಹಾಕಲೇ ಇಲ್ಲ. ಚೆಂಡನ್ನು ನೆಲದ ಮೇಲೆ ಇಟ್ಟು ಬೂಟಿನ ದಾರ ಬಿಚ್ಚಿ ಹೊರಟುಹೋದಳು.

ನಾಲ್ಕು ದಿನದಿಂದ ಬಂದಿಲ್ಲ. ಅತ್ತೆ ಮನೆಗೆ ಹೋದರೆ ಬಾಗಿಲ ಹಿಂದಿನಿಂದ ಅವಳೇ, "ಮಲಗಿದ್ದಾಳೆ ಅಂತ ಹೇಳಿ" ಎನ್ನುವುದು ನನಗೆ ಕೇಳಿಸಿತು. ಸ್ಕಾರ್ಫ್ ಕೂಡ ಅವಳ ಹತ್ತಿರವೇ ಇದೆ.

ನೀವು ಗೆದ್ದಿರಿ ಎಂದುಕೊಳ್ಳಿ. ಏನು ಹೇಳಬೇಕೋ ಹೇಳಿ.

ವದೀಹ್


ಬೈರೂತ್, ಫೆಬ್ರವರಿ 9, 1998

ಮೇಷ್ಟ್ರೇ,

ನಿನ್ನೆ ಬೆಳಿಗ್ಗೆ ತನ್ನೂಸ್ ನಿಮ್ಮ ಜನವರಿಯ ಕಾಗದ ತಂದ. ಮಧ್ಯಾಹ್ನ ಅದೇ ಗಾಡಿಯಲ್ಲಿ ಮಿರ್ನಾ ಊರಿಗೆ ಹೊರಟಳಂತೆ, ನನ್ನ ಕಾಗದವೂ ಅವಳ ಜೊತೆಗೇ ಬಂದಿರಬೇಕು. ನನಗೆ ಅವಳ ಅತ್ತೆ ಹೇಳಿದ್ದು ಇವತ್ತು.

ಒಂದು ಗೇಣು! ಮೇಷ್ಟ್ರೇ, ಒಂದು ಗೇಣಿಗಾಗಿ ನಾನು ಒಂದು ಮಗುವಿನ ಕೈಯನ್ನು ಎಂಟು ವಾರ ಕಟ್ಟಿದೆ! ನಿಮ್ಮ ಮಾನ ಉಳಿಯಲಿ ಎಂದು ನೀವು ಕೂತು ನೋಡಿದಿರಿ! ನಿಮ್ಮ ಕಾಗದವನ್ನು ಮುದುಡಿ ಎಸೆದೆ, ಮತ್ತೆ ಎತ್ತಿಕೊಂಡು ನೇರ ಮಾಡಿದೆ, ಮತ್ತೆ ಎಸೆದೆ. ನಿಮ್ಮನ್ನು ಏನು ಬೈದರೂ ನನ್ನ ಹೊಟ್ಟೆಯ ಉರಿ ಆರುತ್ತಿಲ್ಲ. ಯಾಕೆಂದರೆ ನಾನೂ ಒಂದು ಮಾತನ್ನು ನಿಮಗೆ ಬರೆದಿಲ್ಲ.

ನವೆಂಬರಿನ ಕೊನೆಯ ವಾರ, ನೀವು ಒಂದು ತಿಂಗಳು ಬಿಡು ಎಂದು ಬರೆದ ವಾರವೇ, ಅವಳಿಗೆ ಬೀಳತೊಡಗಿತ್ತು. ಹತ್ತಕ್ಕೆ ಐದು. ಶನಿವಾರ ಹತ್ತಕ್ಕೆ ಆರು. ತನ್ನ ಸೊಂಟದಿಂದ, ತನ್ನ ಎರಡು ಕೈಯಿಂದ. ಯಾರೂ ಹೇಳದೆ ತಾನೇ ಕಡಿಮೆ ಎತ್ತುವುದನ್ನು ಕಲಿಯುತ್ತಿದ್ದಳು. ನಾನು ಎಣಿಸಿದೆ. ಸೋಮವಾರ ಸ್ಕಾರ್ಫ್ ತೆಗೆದುಕೊಂಡು ಹೋದೆ. ಅದು ನೋಡಲು ಚೆನ್ನಾಗಿರಲಿಲ್ಲ, ನೋಡುವವರು ನನ್ನ ಹುಡುಗಿಯನ್ನು ಕಂಡು ನಗುತ್ತಿದ್ದರು, ಅದು ನನಗೆ ತಡೆಯಲಾಗಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಹಾಗೆ ಹಾಕಿದರೂ ಬೀಳುತ್ತದೆ ಎಂದಾದರೆ ನನ್ನ ಒಂಬತ್ತು ತಿಂಗಳು ಯಾಕೆ ಎಂದು ನನಗೆ ಭಯವಾಯಿತು.

ಅವಳಿಗೆ ಈಗ ಬೀಳುತ್ತಿದೆಯೇ? ಅಷ್ಟು ಮಾತ್ರ ಬರೆಯಿರಿ.

ವದೀಹ್


ಜಹ್ಲೆ, ಫೆಬ್ರವರಿ 15, 1998

ವದೀಹ್,

ಬೀಳುತ್ತಿಲ್ಲ.

ದಿನಾ ಶಾಲೆ ಬಿಟ್ಟ ಮೇಲೆ ಓಣಿಗೆ ಹೋಗುತ್ತಾಳೆ. ಕಿಟಕಿಯಿಂದ ನೋಡುತ್ತೇನೆ. ಒಂದು ಕೈಯಲ್ಲಿ ಹಾಕಿದರೆ ರಿಂಗಿನವರೆಗೆ ಹೋಗುವುದಿಲ್ಲ. ಎರಡು ಕೈಯಲ್ಲಿ ಎತ್ತಿದರೆ ಎಡಗೈ ಅರ್ಧದಲ್ಲಿ ಅನುಮಾನಪಟ್ಟು ನಿಂತುಬಿಡುತ್ತದೆ. ಕಟ್ಟಿಲ್ಲ, ಆದರೂ ನಿಲ್ಲುತ್ತದೆ. ಮುಂಚೆ ಕಣ್ಣು ಮುಚ್ಚಿ ಹಾಕುತ್ತಿದ್ದ ಹುಡುಗಿ. ಹಳೆಯದೂ ಇಲ್ಲ, ಹೊಸದೂ ಇಲ್ಲದ ಹಾಗೆ ಮಾಡಿಬಿಟ್ಟೆವು ನಾವಿಬ್ಬರೂ ಸೇರಿ.

ಮೊನ್ನೆ ತಡೆಯಲಾರದೆ ಹೋಗಿ, "ಮಂಡಿ ಇನ್ನೂ ಸ್ವಲ್ಪ ಬಗ್ಗಿಸು ಮಗೂ, ಮೊಣಕೈ ಒಳಗೆ" ಎಂದೆ. ಅವಳು ಚೆಂಡು ಬಗಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡಿದಳು. "ತಾತ, ಒಳಗೆ ಹೋಗು" ಎಂದಳು. ಅಷ್ಟೇ. ಹೋದೆ.

ನೀನು ನನ್ನನ್ನು ಎಷ್ಟು ಬೈದರೂ ಸಾಲದು, ನಾನು ನಿನ್ನನ್ನು ಎಷ್ಟು ಬೈದರೂ ಸಾಲದು. ಅದು ಇರಲಿ. ಹಳೆಯ ಕೈ ಮರಳಿ ತರಿಸುವುದಕ್ಕೆ ಒಂದು ಕ್ರಮ ಬರೆದಿದ್ದೇನೆ, ಇದರ ಜೊತೆ ಇದೆ. ಮೊದಲು ಹತ್ತಿರದಿಂದ ಇನ್ನೂರು, ಆಮೇಲೆ ಒಂದೊಂದು ಹೆಜ್ಜೆ ಹಿಂದೆ. ನೀನು ಮಾರ್ಚ್ ಮೊದಲ ಭಾನುವಾರ ಬಾ. ನಾನು ಕೈ ನೋಡುತ್ತೇನೆ, ನೀನು ಕಾಲು ನೋಡು. ಇಬ್ಬರೂ ಸೇರಿ ಸರಿ ಮಾಡೋಣ.

ಇಸ್ಕಂದರ್


ಜಹ್ಲೆ, ಫೆಬ್ರವರಿ 27, 1998

ತಾತನಿಗೂ, ಕೋಚ್ ವದೀಹ್ ಅವರಿಗೂ,

ಇಬ್ಬರಿಗೂ ಒಂದೇ ಕಾಗದ. ಕಾರ್ಬನ್ ಇಟ್ಟು ಬರೆದಿದ್ದೇನೆ. ತಾತ ತನ್ನ ಕಾಗದಕ್ಕೆಲ್ಲ ಕಾರ್ಬನ್ ಪ್ರತಿ ಇಡುತ್ತಾನೆ, ಕೋಚ್ ಅವರವನ್ನೂ ಅದೇ ಡ್ರಾಯರಿನಲ್ಲಿ ಇಡುತ್ತಾನೆ, ಡ್ರಾಯರಿಗೆ ಬೀಗ ಹಾಕುವುದಿಲ್ಲ. ಎಲ್ಲ ಓದಿದೆ. ತಾತನ ಕ್ರಮವನ್ನೂ ಓದಿದೆ. ನನ್ನ ಕೈಯ ಬಗ್ಗೆ ನಾಲ್ಕು ತಿಂಗಳು ಬರೆದಿದ್ದೀರಿ. "ಮಿರ್ನಾ, ನಿನಗೆ ಏನನ್ನಿಸುತ್ತೆ" ಎಂದು ಒಬ್ಬರೂ ಕೇಳಿಲ್ಲ.

ಬೈರೂತಿನಲ್ಲಿ ರಿಂಗ್ ಕೆಳಗಿದೆ ಎಂದು ನನಗೆ ಮೊದಲ ದಿನವೇ ಗೊತ್ತಾಯಿತು. ಕಣ್ಣಿದ್ದವರಿಗೆ ಗೊತ್ತಾಗುತ್ತದೆ. ಕೋಚ್ ಅವರಿಗೆ ಹೇಳಲು ಬಾಯಿ ತೆರೆದೆ, "ಮಾತು ಬೇಡ, ಕೈ ನೋಡ್ಕೋ" ಎಂದರು. ಎಲ್ಲರೆದುರಿಗೆ ಹೇಳಿದರೆ ತಾತನ ರಿಂಗ್ ತಪ್ಪು ಎಂದು ನಗುತ್ತಾರೆ ಎಂದು ಆಮೇಲೆ ನಾನೂ ಹೇಳಲಿಲ್ಲ. ಅವರು ನನ್ನನ್ನು ನೋಡಿ ನಕ್ಕರು, ನಗಲಿ ಎಂದು ಬಿಟ್ಟೆ. ಕೈ ಹಿಂದಕ್ಕೆ ಚಾಚಿದ್ದು ಅರ್ಥವಾಗಿ ಅಲ್ಲ ಕೋಚ್, ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ಮನೆಯಲ್ಲಿ ಕಲಿಸಿದ್ದಕ್ಕೆ. ಪಟ್ಟಿಗೆ ಇನ್ನು ಯಾರೂ ನನ್ನನ್ನು ಕರೆಯುವುದಿಲ್ಲ. ಅದು ಇಬ್ಬರಿಗೂ ನೆನಪಿರಲಿ, ನಾನಂತೂ ಮರೆಯುವುದಿಲ್ಲ.

ನಿನ್ನೆ ತಾತ ಪೇಟೆಗೆ ಹೋದಾಗ ತನ್ನೂಸ್ ಮಾಮನ ಟ್ಯಾಕ್ಸಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಹತ್ತಿ ರಿಂಗ್ ಕಿತ್ತೆ. ಅಳತೆ ಪಟ್ಟಿ ಹಿಡಿದು ಮೂರು ಮೀಟರ್ ಐದು ಸೆಂಟಿಮೀಟರಿಗೆ ಹೊಡೆದೆ. "ಗಾಡಿ ಮೇಲ್ಭಾಗ ನೆಗ್ಗಿದ್ರೆ ನಿಮ್ ತಾತನ್ ಹತ್ರಾನೇ ಕೇಳ್ತೀನಿ!" ಎಂದು ತನ್ನೂಸ್ ಮಾಮ ಕೂಗುತ್ತಲೇ ನನ್ನ ಕಾಲು ಹಿಡಿದುಕೊಂಡಿದ್ದ. ಪಾದ್ರಿ ಬಂದು ಜೂನಿನಲ್ಲಿ ಮೇಲಾವರಣ ಹೇಗೆ ಹೋಗುತ್ತದೆ ಎಂದು ಕೇಳಿದರು. ಹೊರುವವರು ಬಗ್ಗಿ ಹೋಗಲಿ ಎಂದೆ. ಈ ರಿಂಗ್ ಮತ್ತೆ ಏರುವುದಿಲ್ಲ.

ಅಜ್ಜಿಯ ಸ್ಕಾರ್ಫ್ ನನ್ನ ಹತ್ತಿರ ಇದೆ. ಕೇಳಬೇಡಿ, ಇಬ್ಬರಿಗೂ ಕೊಡುವುದಿಲ್ಲ. ಚಳಿಗೆ ತಲೆಗೆ ಕಟ್ಟಿಕೊಳ್ಳುತ್ತಿದ್ದೇನೆ. ಎದುರು ಮನೆಗೆ ಹೋಗಿ ಅದು ಯಾರ ಹತ್ತಿರ ಇತ್ತು ಎಂದೂ ಹೇಳಿ ಬಂದೆ.

ಕೋಚ್, ಭಾನುವಾರ ಬರಬೇಡಿ. ತಾತ, ಕಿಟಕಿ ಮುಚ್ಚು. ನಾನು ಕರೆಯುವ ತನಕ ನನ್ನ ಕೈಯನ್ನು ಇಬ್ಬರೂ ನೋಡಬಾರದು.

ಇವತ್ತು ಬೆಳಿಗ್ಗೆ ಹತ್ತಕ್ಕೆ ನಾಲ್ಕು ಬಿತ್ತು. ಒಂದು ಕೈಯಲ್ಲೋ ಎರಡು ಕೈಯಲ್ಲೋ, ನಾನು ಹೇಳುವುದಿಲ್ಲ.

ಮಿರ್ನಾ